ಬಿಲದೊಳಗಿನ ಜೋಡಿದೋಣಿ

ಕಡಲತಡಿಯ ಏಡಿರಾಯನಿಗೆ ತಾನೇ ಕಟ್ಟಿದ ದೋಣಿಯಲ್ಲಿ ಲಕ್ಷದ್ವೀಪಕ್ಕೆ ಹೋಗಿಬರುವ ಆಸೆ ಹುಟ್ಟಿತು. ಬಯಲಲ್ಲಿ ಕಟ್ಟಿದರೆ ಕಂಡವರ ಕಣ್ಣು ಬಿದ್ದೀತೆಂದು, ತೆಂಗಿನ ಸಿಪ್ಪೆ ಎರಡನ್ನು ಒಂದೊಂದಾಗಿ ಬಿಲದೊಳಕ್ಕೆ ಎಳೆದುಕೊಂಡ. ಅಕ್ಕಪಕ್ಕ ಇಟ್ಟು, ಅಡ್ಡಕೋಲು ಹಾಕಿ, ನಾರಿನ ಹಗ್ಗದಿಂದ ಬಿಗಿದ. ದಾರಿಗೆಂದು ಒಣಸಿಗಡಿ ತುಂಬಿದ. ಕೊನೆಗೆ, ಮೊಟ್ಟೆಯಿಡಲು ದಡಕ್ಕೆ ಬಂದಿದ್ದ ಆಮೆಯಕ್ಕನನ್ನು ಕರೆದು ತೋರಿಸಿದ. ಅವಳು ಏಳು ಸಮುದ್ರ ಕಂಡವಳು.

ಬಿಲದ ಬಾಯಲ್ಲಿ ತಲೆಯಿಟ್ಟು ಅವಳು ಕೇಳಿದಳು, "ಜೋಡಿದೋಣಿ ಚೆಂದವಾಗಿದೆ. ಇಷ್ಟು ಕಿರಿದಾದ ಬಾಗಿಲಿಂದ ಹೊರಗೆ ತರುವುದು ಹೇಗೆ?"

ಏಡಿರಾಯನ ಕಣ್ಣುಗಳು ಇನ್ನಷ್ಟು ಹೊರಬಂದವು.

"ಬಾಗಿಲು ಅಗಲ ಮಾಡು," ಎಂದಳು ಆಮೆಯಕ್ಕ.

"ಇಂಥ ದುಂಡನೆಯ ಬಾಗಿಲು ಕೆಡಿಸಲೇ?"

"ಹಾಗಾದರೆ ಹಗ್ಗ ಬಿಚ್ಚಿ, ಒಂದೊಂದಾಗಿ ಹೊರಗೆ ತಂದು ಮತ್ತೆ ಕಟ್ಟು."

"ಕಟ್ಟಿದ ಕೈಯಲ್ಲೇ ಬಿಚ್ಚಲೇ? ನೆರೆಹೊರೆಯವರು ನಕ್ಕಾರು!"

ಆಮೆಯಕ್ಕ ಕಡಲಿಗಿಳಿದಳು. ಅಷ್ಟರಲ್ಲಿ ಉಬ್ಬರದ ನೀರು ಬಿಲಕ್ಕೆ ನುಗ್ಗಿ, ದೋಣಿ ತೇಲಿ ಸೂರಿಗೆ ಒತ್ತಿಕೊಂಡಿತು. ಏಡಿರಾಯ ದೋಣಿಗೂ ಸೂರಿಗೂ ನಡುವೆ ಚಪ್ಪಟೆಯಾಗಿ ಕೂತು, "ಹೊರಟೆ!" ಎಂದು ದಡಕ್ಕೆಲ್ಲ ಕೇಳುವಂತೆ ಕೂಗಿದ. ಅಂದಿನಿಂದ ಪ್ರತಿ ಉಬ್ಬರಕ್ಕೂ ಅವನ ಪ್ರಯಾಣ ಸಾಗಿತು.

ಮರುವರ್ಷ ಆಮೆಯಕ್ಕ ಲಕ್ಷದ್ವೀಪ ಸುತ್ತಿಕೊಂಡು ಅದೇ ದಡಕ್ಕೆ ಬಂದಳು. ಬಿಲದೊಳಗಿಂದ ದನಿ ಕೇಳಿತು: "ಯಾರಲ್ಲಿ? ಇದು ಯಾವ ಊರು?"

"ನಿನ್ನದೇ ಊರು, ತಮ್ಮಾ."

"ಎಂಥಾ ದೋಣಿ ಕಟ್ಟಿದ್ದೇನೆ ನೋಡಕ್ಕಾ!" ಎಂದ ಏಡಿರಾಯ. "ಹೋಗಿ ಬಂದದ್ದೇ ಗೊತ್ತಾಗಲಿಲ್ಲ!"