ಹದ ನೋಡುವ ಕೋತಿ

ಮುಂದಿನ ವರ್ಷ ನಡೆಯಲಿದ್ದ ಮಗಳ ಮದುವೆಗೆಂದು ಕೋತಿರಾಯ ಓಕ್ ಮರದ ಹಳೇ ಪೀಪಾಯಿಯ ತುಂಬ ಕಪ್ಪು ಬಿಯರು ತುಂಬಿಸಿದ.

"ವರ್ಷವಿಡೀ ನನ್ನ ಪಾಡಿಗೆ ಬಿಡಿ, ರಾಯರೇ. ಘಾಟು ಇಳಿದು ತಾನಾಗಿ ಹದಕ್ಕೆ ಬರುತ್ತದೆ," ಎಂದಿತು ಪೀಪಾಯಿ.

ಕೋತಿರಾಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೆಟ್ಟುಹೋದರೆ ಬೀಗರೆದುರು ಮಾನ ಉಳಿಯುತ್ತದೆಯೇ? ನಲ್ಲಿ ತಿರುಗಿಸಿ ಅರ್ಧ ಲೋಟ ಕುಡಿದ. "ಇನ್ನೂ ಒಗರು!"

ಮರುದಿನ ಮತ್ತೆ ಬಂದ.

"ನಿನ್ನೆ ತಾನೇ ನೋಡಿದಿರಲ್ಲ?"

"ಅದು ನಿನ್ನೆಯ ಮಾತು. ಇವತ್ತು ಏನಾಗಿದೆಯೋ ಯಾರಿಗೆ ಗೊತ್ತು?"

ದಿನವೂ ಇದೇ ನಡೆಯಿತು. ಮದುವೆಯ ದಿನ ನಲ್ಲಿ ತಿರುಗಿಸಿದರೆ ಇಳಿದದ್ದು ಒಂದೇ ಹನಿ. ಅದು ನಾಲಿಗೆಗೆ ತಾಗಿದ್ದೇ ತಡ, ಕೋತಿರಾಯ ಕುಣಿದಾಡಿಬಿಟ್ಟ. "ಹದ ಬಂತು! ಈಗ ನೋಡು, ಹದ ಬಂತು!"

ಅವನ ಬೆನ್ನ ಹಿಂದೆ ಬೀಗರೆಲ್ಲ ಲೋಟ ಹಿಡಿದು ಸಾಲಾಗಿ ನಿಂತಿದ್ದರು.