ಸಾಕ್ಷಿಗೆ ಇಟ್ಟ ಹರಿಗೋಲು

ಕೆರೆಯಲ್ಲಿ ವಿಹಾರ ಮಾಡುವವರಿಗೆ ನೀರುನಾಯಿಯೊಂದು ತನ್ನ ತೊಗಲಿನ ಹರಿಗೋಲನ್ನು ಬಾಡಿಗೆಗೆ ಕೊಡುತ್ತಿತ್ತು. ಒಂದು ದಿನ ಮುಳ್ಳುಹಂದಿ ಅದನ್ನು ಒಯ್ದು, ತಳದಲ್ಲೊಂದು ತೂತು ಮಾಡಿಕೊಂಡು ಬಂತು.

"ತಪ್ಪಾಯಿತು ಅಣ್ಣ, ಸಂಜೆಯೊಳಗೆ ತೇಪೆ ಹಾಕಿಕೊಡುತ್ತೇನೆ," ಎಂದಿತು.

"ತೇಪೆ ಹಾಕಿದರೆ ನೀನು ಮಾಡಿದ್ದು ಮುಚ್ಚಿಹೋಗುತ್ತದೆ. ನ್ಯಾಯವೇ ಆಗಲಿ," ಎಂದು ನೀರುನಾಯಿ ಕೊಕ್ಕರೆಯ ನ್ಯಾಯಾಲಯಕ್ಕೆ ಹೋಯಿತು.

ಕೊಕ್ಕರೆ ಒಂಟಿಕಾಲಲ್ಲಿ ನಿಂತು ದೂರು ಕೇಳಿತು. "ತೀರ್ಪಾಗುವ ತನಕ ಹರಿಗೋಲು ಸಾಕ್ಷಿ. ಯಾರೂ ಮುಟ್ಟಕೂಡದು," ಎಂದು ಅದನ್ನು ಬಂಡೆಯ ಮೇಲೆ ಇರಿಸಿ, ವಿಚಾರಣೆಯನ್ನು ಮುಂದೂಡಿತು. ಆಮೇಲೂ ಮುಂದೂಡುತ್ತಲೇ ಹೋಯಿತು.

ಬೇಸಿಗೆ ಬಂತು. ದಿನವೂ ಬಂದು ನೋಡಿ ಹೋಗುತ್ತಿದ್ದ ನೀರುನಾಯಿಯನ್ನು ಹರಿಗೋಲು ಬೇಡಿಕೊಂಡಿತು. "ಧಣಿ, ಮೈ ಬಿರಿಯುತ್ತಿದೆ. ನೆರಳಿಗೆ ಎಳೆಯಿರಿ, ಇಲ್ಲವೇ ಒಂದಿಷ್ಟು ನೀರು ಚಿಮುಕಿಸಿ."

ನೀರುನಾಯಿ ಮರುಕದಿಂದ ಒಂದು ಹೆಜ್ಜೆ ಮುಂದಿಟ್ಟಿತು. ಆದರೂ, "ಮುಟ್ಟಿದರೆ ಸಾಕ್ಷಿ ಕೆಡುತ್ತದೆ. ನಿನಗಾಗಿಯೇ ಅಲ್ಲವೇ ಈ ವ್ಯಾಜ್ಯ? ಸ್ವಲ್ಪ ತಡೆದುಕೋ," ಎಂದು ಹೇಳಿ ಹೊರಟುಹೋಯಿತು.

ಮಳೆಗಾಲದ ಹೊಸ್ತಿಲಲ್ಲಿ ತೀರ್ಪು ಬಂತು. ಗೆದ್ದದ್ದು ನೀರುನಾಯಿಯೇ. ಮುಳ್ಳುಹಂದಿ ತಾನು ಮಾಡಿದ ತೂತಿಗೆ ಸಂಜೆಯೊಳಗೆ ತೇಪೆ ಹಾಕಿಕೊಡತಕ್ಕದ್ದು ಎಂದು ಕೊಕ್ಕರೆ ಆಜ್ಞೆ ಮಾಡಿತು.

ಮುಳ್ಳುಹಂದಿ ತೊಗಲಿನ ತುಂಡು, ಅಂಟು ಹಿಡಿದು ಆಗಲೇ ಬಂತು. ಬಿಸಿಲಿಗೆ ಒಣಗಿ ಮೈತುಂಬ ಸೀಳುಬಿಟ್ಟಿದ್ದ ಹರಿಗೋಲನ್ನು ಎರಡು ಸುತ್ತು ಹಾಕಿ, "ನಾನು ಮಾಡಿದ ತೂತು ಇದರಲ್ಲಿ ಯಾವುದು ಅಣ್ಣ?" ಎಂದು ಮೆಲ್ಲಗೆ ಕೇಳಿತು.

ನೀರುನಾಯಿ ಬಹಳ ಹೊತ್ತು ಹುಡುಕಿತು. ಕಡೆಗೆ ಹರಿಗೋಲನ್ನೇ ಕೇಳಿತು. ಅದು ಮಾತು ನಿಲ್ಲಿಸಿ ಬಹಳ ದಿನವಾಗಿತ್ತು.