ಸೊಲ್ಲಾಪುರದ ಹಸಿರು ಚುಕ್ಕಿ

ಹುಬ್ಬಳ್ಳಿಯ ಒಂದು ಪಂಪಿನ ಕಾರ್ಖಾನಿಯೊಳಗ ಚಾ ಕಾಸಾಕಿ ನೀಲವ್ವ. ಆಕಿ ಮಗ ಗುಡ್ಡಪ್ಪ ಅಲ್ಲೇ ಆಫೀಸಿನ್ಯಾಗ ಕಂಪ್ಯೂಟರ್ ಮುಂದ ಕೂಡಾಂವ. ಹೇಳಿದ್ದು ಹೇಳಿದಂಗ ಮಾಡಾಂವ, ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮಿಲ್ಲ. ಅದ ಆಕಿಗೆ ತಲಿಬ್ಯಾನಿ! "ಇವನ್ನ ಕಟ್ಕೊಂಡು ಹೆಂಗ ಬಾಳೇವು ಮಾಡ್ಲೆಪ್ಪಾ," ಅಂತ ದಿನಾ ಹಣಿ ಬಡ್ಕೊಳ್ಳಾಕಿ.

ಗಂಡ ಬಸಣ್ಣೆಪ್ಪ ಆಕಿ ಜೋಡಿ ಜಗಳಾಡಿ, ಕಂಪನಿಯ ಸೊಲ್ಲಾಪುರದ ಗೋಡೌನಿಗೆ ಬದಲಿ ಮಾಡಿಸ್ಕೊಂಡು ಹೋಗಿ ಮೂರು ವರ್ಷಾತು. ಒಂದು ಫೋನಿಲ್ಲ, ಒಂದು ಮಾತಿಲ್ಲ. ಅಂವ ಅಲ್ಲಿ ಕಂಪ್ಯೂಟರ್ ಚಾಲೂ ಮಾಡಿದ್ರ ಇಲ್ಲಿ ಗುಡ್ಡಪ್ಪನ ಕಂಪ್ಯೂಟರಿನ್ಯಾಗ ಅವನ ಹೆಸರಿನ ಬಾಜೂಕ ಒಂದು ಹಸಿರು ಚುಕ್ಕಿ ಹತ್ತೂದು. ಚಾ ಕೊಡೂ ನೆವದಾಗ ನೀಲವ್ವ ದಿನಾ ಮುಂಜಾನೆ ಬಂದು ಅದನ್ನ ನೋಡಾಕಿ. "ಬಂದಾನ. ಆರಾಮ ಅದಾನ," ಅಂದ್ಕೊಂಡು ಹೊಳ್ಳಿ ಹೋಗಾಕಿ. ಅಷ್ಟ ಆಕಿ ಸಂಸಾರ!

ಆ ವರ್ಷ ಸಾಫ್ಟ್‌ವೇರ್ ಮಂದಿ ಲೈಸೆನ್ಸಿನ ರೇಟು ದುಪ್ಪಟ್ಟು ಮಾಡಿದ್ರು. ಕಂಪ್ಯೂಟರಿನ್ಯಾಗ ಎಷ್ಟು ಹೆಸರೋ ಅಷ್ಟು ಲೈಸೆನ್ಸು, ಅಷ್ಟು ರೊಕ್ಕ. ಸಾಹುಕಾರ ಕಲ್ಮೇಶಪ್ಪ ಕುಂತಲ್ಲೇ ಬೆವತ. "ಗುಡ್ಡ್ಯಾ, ಕೆಲಸ ಮಾಡದವರ ಹೆಸರೆಲ್ಲಾ ತೆಗದು ಹಾಕಲೇ!"

ಗುಡ್ಡಪ್ಪ ಸುತ್ತ ನೋಡಿದ. ಊಟದ ಹೊತ್ತು. ಎಲ್ಲಾರೂ ರೊಟ್ಟಿ ಮುರಿಯಾಕತ್ತಿದ್ರು. ಒಬ್ಬರೂ ಕೆಲಸ ಮಾಡವಲ್ರು! ಎಲ್ಲಾರ ಹೆಸರೂ ತೆಗದ. ತೂಕಡಸ್ತಿದ್ದ ಸಾಹುಕಾರಂದೂ ತೆಗದ. ಸೊಲ್ಲಾಪುರದ ಚುಕ್ಕಿ ಒಂದು ಉರೀತಿತ್ತು, ಅದನ್ನಷ್ಟ ಬಿಟ್ಟ.

"ಥೂ ಖೋಡಿ! ಬೇಕೋ ಬ್ಯಾಡೋ ಅಂತ ಕೇಳಿ ತೆಗೀಬೇಕಲೇ!" ಅಂತ ಸಾಹುಕಾರ ಎಚ್ಚರಾಗಿ ಬೈದ.

ಆತು. ಎಲ್ಲಾ ಹೆಸರು ತಿರುಗಿ ಹಾಕಿ, ಒಬ್ಬೊಬ್ಬರನ್ನ ಕೇಳಕೋತ ಹೊಂಟ. ಅಪ್ಪನ ಹೆಸರು ಬಂತು. ಅಪ್ಪ ಇಲ್ಲಿಲ್ಲ, ಅವ್ವ ಅದಾಳ.

"ಯವ್ವಾ, ಅಪ್ಪ ಬೇಕೋ ಬ್ಯಾಡೋ?"

ನೀಲವ್ವ ಚಾದ ಕಪ್ಪು ಟೇಬಲ್ ಮ್ಯಾಲೆ ಇಟ್ಟಳು. ಬೈಯಾಕ ಬಾಯಿ ತಗದಾಕಿ, "ಬೇಕೋ ತಮ್ಮಾ," ಅಂದಳು.

ಗುಡ್ಡಪ್ಪ ಅದನ್ನ ಒಂದು ಚೀಟಿಯಾಗ ಬರಕೊಂಡು ಕಿಸೆದಾಗ ಇಟ್ಕೊಂಡ. ಸಾಹುಕಾರ ಒದರಿದ: "ಕಿಸೆದಾಗ ಇಟ್ಕೊಂಡು ಪೂಜಿ ಮಾಡ್ತೀಯೇನಲೇ? ಯಾರ ಹೆಸರು ಯಾಕ ಇಟ್ಟಿ, ಎಲ್ಲಾರಿಗೂ ಗೊತ್ತಾಗಬೇಕು!"

ಎಲ್ಲಾರಿಗೂ ಅಂದ್ರ ಎಲ್ಲಾರಿಗೂ! ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರ, ಒಂದು ಕಂಪ್ಯೂಟರ್ ಬಿಡದಂಗ ಗುಡ್ಡಪ್ಪ ಮೆಸೇಜ್ ಕಳಿಸಿದ: "ಬಸಣ್ಣೆಪ್ಪನ ಹೆಸರು ಇಟ್ಟೀವಿ. ಕಾರಣ: ನಮ್ಮವ್ವಗ ಅಂವ ಬೇಕಂತ."

ಇಡೀ ಕಾರ್ಖಾನಿ ಬಿದ್ದು ಬಿದ್ದು ನಕ್ಕಿತು. ನೀಲವ್ವಗ ನಾಚಿಕಿ, ಸಿಟ್ಟು, ಅಳು ಎಲ್ಲಾ ಒಮ್ಮೆಲೆ ಬಂತು. "ನನ್ನ ಮಾನಾ ಕಳದಿಯಲ್ಲೋ ಹುಚ್ಚಪ್ಪಾ! ಇನ್ನ ಮ್ಯಾಲೆ ಕೇಳಿದ್ದಕ್ಕಷ್ಟ ಉತ್ತರ ಕೊಡು, ಕೊಟ್ಟು ಬಾಯಿ ಮುಚ್ಚು!"

"ಹೂಂ ಯವ್ವಾ."

ಆಕಿ ಒಳಗ ಕಪ್ಪು ಬಸಿ ತೊಳೀತಿದ್ದಳು, ಆಫೀಸಿನ ಹಳೇ ಫೋನು ಬಡಕೊಂತು. ಗುಡ್ಡಪ್ಪ ಎತ್ತಿದ. ಒಂದು ಮಾತು ಕೇಳಿದ, ಒಂದು ಮಾತು ಹೇಳಿದ, ಟಪ್ಪಂತ ಇಟ್ಟ.

"ಯಾರಲೇ ಅದು?"

"ಅಪ್ಪ."

ನೀಲವ್ವ ಒದ್ದಿ ಕೈಲೆ ಓಡಿ ಬಂದಳು. "ಆಂ! ಏನಂದ? ಏನಂದ?"

"ನಿಮ್ಮವ್ವ ಇನ್ನೂ ಸಿಟ್ಟಿನಾಗ ಅದಾಳೇನು ಅಂತ ಕೇಳಿದ."

"ನೀ ಏನಂದಿ?"

"ಹೂಂ ಅಂದೆ. ಈಗ ಬೈದಿಯಲ್ಲ ನನಗ! ಬಾಯಿ ಮುಚ್ಚಿ ಇಟ್ಟುಬಿಟ್ಟೆ."

ನೀಲವ್ವ ಬೈಲಿಲ್ಲ. ಮತ್ತೊಮ್ಮೆ ಬಡಕೊಂಡೀತು ಅಂತ ಸ್ಟೂಲು ಎಳಕೊಂಡು ಆ ಫೋನಿನ ಮುಂದ ಕುಂತಳು. ಚಾ ಎಲ್ಲಿ ಅಂತ ಸಾಹುಕಾರ ಮೂರು ಸಲ ಒದರಿದ್ರೂ ಏಳಲಿಲ್ಲ.